ಕ್ರಿಸ್ಮಸ್ಸಿಗೆ ಊರಿಗೆ ಬರುವ ಮನೆಗಳಿಗಾಗಿ ಒಂದು ಮನವಿ

ಬಸವಕಲ್ಯಾಣ ಮತ್ತು ಹುಮನಾಬಾದ್ ಕಡೆಯ ಸಭೆಗಳ ಪಾಸ್ಟರರೇ, ಕಮಿಟಿಯ ಹಿರಿಯರೇ, ಮಹಿಳಾ ಸಮಾಜದ ಅಕ್ಕಂದಿರೇ, ಕ್ಯಾರಲ್ ಮುಂದೆ ಢೋಲಕ್ ಹಿಡಿದು ನಡೆಯುವ ತಮ್ಮಂದಿರೇ, ಇದು ಕಾಣಿಕೆ ಕೇಳುವ ಪತ್ರವಲ್ಲ. ಹೊಸ ಕಟ್ಟಡಕ್ಕೂ ಅಲ್ಲ, ಹೊಸ ಸೌಂಡ್ ಸೆಟ್ಟಿಗೂ ಅಲ್ಲ. ನಿಮ್ಮಲ್ಲಿ ಈಗಾಗಲೇ ಇರುವ ಹಾಲ್, ಇರುವ ಜನ, ಇರುವ ಹಬ್ಬ, ಇಷ್ಟನ್ನೇ ಸ್ವಲ್ಪ ಬೇರೆ ರೀತಿ ಬಳಸಿರಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ನಾವು ಕುಟುಂಬ ರವಿವಾರ ಮಾಡುತ್ತೇವೆ. ಗಂಡ, ಹೆಂಡತಿ, ಮಕ್ಕಳು ಒಂದೇ ಸಾಲಿನಲ್ಲಿ ಕೂಡಬೇಕು, ಹೊರಗಿನಿಂದ ಬಂದವರೊಬ್ಬರ ಪ್ರಸಂಗ, ಕಡೆಗೆ ಊಟ. ಒಳ್ಳೆಯದೇ. ಆದರೆ ಅವತ್ತು ಒಮ್ಮೆ ಸಾಲುಗಳ ಮೇಲೆ ಕಣ್ಣಾಡಿಸಿರಿ. ಎಷ್ಟೋ ಮನೆಗಳಿಂದ ಬಂದು ಕೂತವರು ಒಬ್ಬ ಮುತ್ಯಾ, ಒಬ್ಬ ಆಯಿ, ಪಕ್ಕದಲ್ಲಿ ಎರಡು ಮಕ್ಕಳು. ನಡುವಿನ ತಲೆಮಾರೇ ಇಲ್ಲ. ಅದು ಪುಣೆಯಲ್ಲಿ ಏಳುತ್ತಿರುವ ಯಾವುದೋ ಬಿಲ್ಡಿಂಗಿನ ಬುಡದ ತಗಡಿನ ಶೆಡ್ಡಿನಲ್ಲಿದೆ, ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕಟ್ಟುತ್ತಿದೆ, ಇಲ್ಲವೇ ದಸರಾ ಮುಗಿದ ಬೆನ್ನಿಗೇ ಮಹಾರಾಷ್ಟ್ರದ ಕಬ್ಬಿನ ಫಡಕ್ಕೆ ಹೋಗಿದೆ. ಮಳೆ ನಂಬಿದ ಹೊಲ. ಸೋಯಾ ರಾಶಿ ಆದರೆ ಕೈಯಲ್ಲಿ ಕೆಲಸವಿಲ್ಲ, ತೊಗರಿ ಬರುವತನಕ ಕಾಯಲು ದುಡ್ಡಿಲ್ಲ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಸಾಲದಲ್ಲಿ ಸಿಕ್ಕಿ ನಿಂತದ್ದು ಬೇರೆ. ಮನೆ ಮುಂದೆಯೇ ಪುಣೆ–ಹೈದರಾಬಾದ್ ಹೆದ್ದಾರಿ ಹಾದುಹೋಗಿದೆ. ಸಸ್ತಾಪುರ ಬಂಗ್ಲಾದಲ್ಲಿ ನಿಂತರೆ ಎರಡೂ ಕಡೆಗೆ ಗಾಡಿ ಸಿಗುತ್ತದೆ.

ಹೀಗೆ ಒಡೆದು ಎರಡು ಊರಿನಲ್ಲಿ ಬಾಳುವ ಮನೆಗೆ ಕುಟುಂಬ ರವಿವಾರದ ಪ್ರಸಂಗ ತಲುಪುವುದಿಲ್ಲ. ಸಭೆಯ ಸೇವೆ ಆ ಮನೆಯ ವರ್ಷದ ಲೆಕ್ಕಕ್ಕೆ ಹೊಂದಿಕೊಳ್ಳಬೇಕು: ಅವರು ಹೊರಡುವಾಗ, ಅವರು ಇಲ್ಲದಾಗ, ಅವರು ಬಂದಾಗ. ನನ್ನ ಮನವಿಯೆಲ್ಲ ಇಷ್ಟೇ.

ಇದೇನು ಹೊಸದಲ್ಲ, ನಮ್ಮ ಮೆಥೋಡಿಸ್ಟ್ ಸಭೆ ಬೆಳೆದದ್ದೇ ಹೀಗೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಬೇಕಿತ್ತು. ಸುಮಾರು ಹನ್ನೆರಡು ಜನಕ್ಕೆ ಒಬ್ಬ ಮುಖಂಡ, ಅವನು ವಾರಕ್ಕೊಮ್ಮೆ ಮನೆ ಮನೆಗೆ ಹೋಗಿ ತಲೆಗೆ ಒಂದು ಪೆನ್ನಿ ಎತ್ತಬೇಕು ಎಂದು ಗೊತ್ತುಮಾಡಿದರು. ಪೆನ್ನಿ ಎತ್ತಲು ಹೋದವರಿಗೆ ಬೇರೇನೋ ಕಂಡಿತು: ಈ ಮನೆಯಲ್ಲಿ ಜಗಳ, ಆ ಮನೆಯಲ್ಲಿ ಕುಡಿತ. ಬಂದು ಮೆಥೋಡಿಸ್ಟರ ಮುಂದಾಳು ಜಾನ್ ವೆಸ್ಲಿಗೆ ಹೇಳಿದರು. ನಮಗೆ ಬೇಕಾದದ್ದು ಇದೇ ಎಂದು ವೆಸ್ಲಿ ಆ ಮುಖಂಡರಿಗೆ ಜನರ ಕ್ಷೇಮ ನೋಡುವ ಹೊಣೆಯನ್ನೇ ಹೊರಿಸಿದ. ಮನೆ ಮನೆ ಸುತ್ತುವುದು ಕಷ್ಟವೆಂದು ಆಮೇಲೆ ಎಲ್ಲರೂ ಒಂದೆಡೆ ಸೇರುವ ಕೂಟವಾಯಿತು, ಅದು ಬೇರೆ ಮಾತು. ನನಗೆ ಬೇಕಾದದ್ದು ಆ ಮೊದಲ ರೂಪ. ಮಂದಿರದ ಸಾಲದ ನೆವದಲ್ಲಿ ಮನೆ ಬಾಗಿಲು ತಟ್ಟಿದವರು ಮನೆಯೊಳಗಿನ ಸಂಕಟ ಕಂಡರು. ನಾವೋ ಕಾಣಿಕೆಯ ಕವರ್ ಹಂಚುವುದಕ್ಕೆ ಮಾತ್ರ ಬಾಗಿಲು ತಟ್ಟುತ್ತೇವೆ.

ಹನ್ನೆರಡು ಮನೆಗೆ ಒಬ್ಬರನ್ನು ನೇಮಿಸಿರಿ. ಪಾಸ್ಟರರೊಬ್ಬರೇ ಐದಾರು ಹಳ್ಳಿಗಳ ಸಭೆ ನೋಡುತ್ತಿದ್ದರೆ ಅವರಿಂದ ಇದು ಆಗದು, ಆಗಬೇಕಾಗಿಯೂ ಇಲ್ಲ. ಈ ಕೆಲಸಕ್ಕೆ ಮಹಿಳಾ ಸಮಾಜದ ಅಕ್ಕಂದಿರೇ ಸರಿ. ಅಡುಗೆಮನೆಯತನಕ ಹೋಗಿ ಕೂಡುವ ಸಲಿಗೆ ಅವರಿಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗೆ ಹೋಗಿಬರುವ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಅವರ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ಮನೆಯಿಂದ ಯಾರು, ಎಲ್ಲಿಗೆ, ಕೂಲಿಗೆ ಕರೆದೊಯ್ಯುವ ಯಾವ ಮುಕಾದಮನ ಜೊತೆ ಹೋದರು, ಉಚಲ್ ಅಂದರೆ ಮುಂಗಡ ಎಷ್ಟು ತೆಗೆದುಕೊಂಡಿದ್ದಾರೆ, ಮಕ್ಕಳು ಯಾರ ಹತ್ತಿರ ಇದ್ದಾರೆ, ಅವಸರ ಬಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇಷ್ಟು ಬರೆದರೆ ಸಾಕು. ಜಾತಿ, ಧರ್ಮದ ಕಾಲಂ ಬೇಡವೇ ಬೇಡ. ಪರಿಶಿಷ್ಟ ಜಾತಿಯ 1950ರ ಆದೇಶ ಕ್ರೈಸ್ತರನ್ನು ಹೊರಗಿಟ್ಟಾಗಿನಿಂದ ನಮ್ಮ ಎಷ್ಟು ಮನೆಗಳಲ್ಲಿ ಕಾಗದದ ಹೆಸರು ಒಂದು, ಸಭೆಯಲ್ಲಿ ಕರೆಯುವ ಹೆಸರು ಒಂದು ಎಂಬುದು ನಿಮಗೆ ಗೊತ್ತಿದ್ದದ್ದೇ. ಆ ನೋಟ್‌ಬುಕ್ ಯಾರ ಕೈಗೂ ಸಿಗಬಾರದು, ಆರಾಧನೆ ಮುಗಿದ ಮೇಲಿನ ಹರಟೆಯಲ್ಲಿ ಅದರ ಒಂದಕ್ಷರವೂ ಬರಬಾರದು.

ಹೊರಡುವ ಮುನ್ನ, ಅಂದರೆ ದಸರಾಕ್ಕೆ ಹದಿನೈದು ದಿನ ಮೊದಲು, ಒಂದು ಸಂಜೆ ಇವರನ್ನೆಲ್ಲ ಕೂಡಿಸಿರಿ. ಪ್ರಾರ್ಥನೆ ಹತ್ತು ನಿಮಿಷ ಸಾಕು. ಉಳಿದ ಹೊತ್ತು ಅವರಿಗೆ ಬೇಕಾದದ್ದನ್ನು ಹೇಳಿರಿ. ರೇಷನ್ ಕಾರ್ಡ್ ಊರಲ್ಲೇ ಬಿಟ್ಟು ಹೋದರೂ ಅದರ ನಂಬರ್ ಮತ್ತು ಆಧಾರ್ ಇದ್ದರೆ ಪುಣೆಯ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ, ಅಲ್ಲಿ ಎತ್ತದ ಪಾಲನ್ನು ಊರಲ್ಲಿರುವ ಮುತ್ಯಾ ಎತ್ತಬಹುದು. 'ಒಂದು ದೇಶ ಒಂದು ಪಡಿತರ ಚೀಟಿ'ಯ ಹೆಸರು ಎಲ್ಲರೂ ಕೇಳಿದ್ದಾರೆ. ಹೀಗೆ ಎರಡು ಕಡೆ ಎತ್ತಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹೋಗುವ ಕಡೆ ಯಾವ ಸಭೆ ಇದೆ ನೋಡಿರಿ. ಪುಣೆ, ಮುಂಬೈ, ಹೈದರಾಬಾದಿನಲ್ಲಿ ನಮ್ಮ ಸಭೆಗಳಿವೆ. ಅಲ್ಲಿಯ ಪಾಸ್ಟರರಿಗೆ ಇಲ್ಲಿಯ ಪಾಸ್ಟರರು ಒಂದು ಫೋನ್ ಮಾಡಿ, ನಮ್ಮ ಎರಡು ಮನೆಯವರು ಬರುತ್ತಿದ್ದಾರೆ, ಶೆಡ್ಡಿನತನಕ ಹೋಗಿ ಮಾತಾಡಿಸಿರಿ ಎಂದರೆ, ಪ್ರಸಂಗಕ್ಕಿಂತ ಅದು ದೊಡ್ಡ ಸೇವೆ. ಮಗುವನ್ನು ಜೊತೆಗೇ ಕರೆದೊಯ್ಯುವವರಿದ್ದರೆ ತಡೆದು ಕೇಳಿರಿ. ನಮ್ಮ ಭಾಗದಲ್ಲಿ ವಲಸೆ ಹೋಗುವವರ ಮಕ್ಕಳಿಗೆ ಶಿಕ್ಷಣ ಇಲಾಖೆ ಋತುಮಾನದ ವಸತಿ ಶಾಲೆ ನಡೆಸುತ್ತದೆ. ಬಿಇಒ ಕಚೇರಿಗೆ ಹೋಗಿ ಈ ವರ್ಷ ಎಲ್ಲಿ ಎಂದು ಕೇಳುವುದಕ್ಕೆ ಒಬ್ಬ ಯುವಕನ ಅರ್ಧ ದಿನ ಸಾಕು.

ಇನ್ನು ಅವರಿಲ್ಲದ ತಿಂಗಳುಗಳು. ಇಲ್ಲಿಯೇ ನಾವು ಹೆಚ್ಚು ಎಡವಿದ್ದೇವೆ.

ಸಂಜೆ ಆರರಿಂದ ಎಂಟೂವರೆತನಕ ಊರಲ್ಲಿ ಬಿಟ್ಟುಹೋದ ಹುಡುಗ ಎಲ್ಲಿರುತ್ತಾನೆ? ಮುತ್ಯಾನಿಗೆ ಕಣ್ಣು ಕಾಣುವುದಿಲ್ಲ, ಆಯಿಗೆ ಓದು ಬರುವುದಿಲ್ಲ. ಅಪ್ಪ ಕೊಡಿಸಿದ ಫೋನ್ ಹುಡುಗನ ಕೈಯಲ್ಲೇ ಇರುತ್ತದೆ, ಯಾಕೆಂದರೆ ವಿಡಿಯೊ ಕಾಲ್ ಹಚ್ಚಲು ಬರುವುದು ಅವನೊಬ್ಬನಿಗೇ. ಎಂಟನೆಯ ಈಯತ್ತೆಯ ಹುಡುಗ ಭಾಗಾಕಾರ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತಾನೆ; ಹತ್ತಕ್ಕೆ ಬರುವ ಹೊತ್ತಿಗೆ ಅವನೂ ಮುಕಾದಮನ ಗಾಡಿ ಹತ್ತಿರುತ್ತಾನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ತಳದಲ್ಲಿ ಯಾಕಿವೆ ಎಂದು ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ. ಈ ಭಾಗಕ್ಕಾಗಿ ಸಂವಿಧಾನದ 371(ಜೆ) ವಿಧಿ ಬಂತು, ಸೀಟು ಬಂತು, ನೌಕರಿಯಲ್ಲಿ ಮೀಸಲು ಬಂತು. ಹತ್ತನೆಯದನ್ನೇ ಮುಗಿಸದ ಹುಡುಗನಿಗೆ ಅದರಲ್ಲಿ ಏನು ಸಿಗುತ್ತದೆ?

ಅದೇ ಹೊತ್ತಿಗೆ ನಮ್ಮ ಹಾಲ್‌ಗಳಿಗೆ ಬೀಗ ಬಿದ್ದಿರುತ್ತದೆ. ಬೆಂಚಿದೆ, ಲೈಟಿದೆ, ಫ್ಯಾನಿದೆ, ಕುಡಿಯುವ ನೀರಿದೆ. ವಾರಕ್ಕೆ ಐದು ಸಂಜೆ ತೆರೆದಿಡಿರಿ. ನಮ್ಮಲ್ಲಿ ರಿಟೈರ್ ಆದ ಮಾಸ್ತರರು, ಅಕ್ಕೋರು ಎಷ್ಟಿದ್ದಾರೆ! ಮಿಶನ್ ಬೋರ್ಡಿಂಗ್‌ನಲ್ಲಿ ಉಂಡು, ಓದಿ ಮೇಲೆ ಬಂದವರು ನಮ್ಮಲ್ಲಿ ಕಡಿಮೆಯೇ? ನಿಜಾಮರ ಕಾಲದಲ್ಲಿ ಸರಕಾರಿ ಕಲಿಕೆ ಹೆಚ್ಚಾಗಿ ಉರ್ದುವಿನಲ್ಲಿದ್ದಾಗ, ಊರಾಚೆಯ ಕೇರಿಯ ಮಗುವಿಗೆ ಪಾಟಿ ಬಳಪ ಕೊಟ್ಟವರು ಆ ಬೋರ್ಡಿಂಗ್‌ನವರು. ಆ ಋಣ ತೀರಿಸುವುದಕ್ಕೆ ಸಂಜೆಯ ಎರಡು ತಾಸು ದೊಡ್ಡ ಮಾತಲ್ಲ. ಗಣಿತ, ಇಂಗ್ಲಿಷ್, ಕನ್ನಡ ಓದುವುದು ಬರೆಯುವುದು, ಅಷ್ಟೇ. ನಡುವೆ ಒಂದು ಹಿಡಿ ಬೇಯಿಸಿದ ಶೇಂಗಾ, ಇಲ್ಲ ಒಂದು ಪ್ಲೇಟ್ ಸುಸಲಾ. ಎಂಟಕ್ಕೆ ಅಪ್ಪ ಅವ್ವನಿಗೆ ಅಲ್ಲಿಂದಲೇ ಒಂದು ಫೋನ್: ಇವತ್ತು ಏನು ಕಲಿತೆ ಎಂದು ಮಗುವೇ ಹೇಳಲಿ. ಪುಣೆಯ ಶೆಡ್ಡಿನಲ್ಲಿ ಕೂತ ಅವ್ವನಿಗೆ ಮಗುವಿನ ನೋಟ್‌ಬುಕ್ ಒಮ್ಮೆ ಕ್ಯಾಮೆರಾ ಮುಂದೆ ಹಿಡಿದು ತೋರಿಸಿರಿ.

ಒಂದು ಷರತ್ತು ಇದೆ, ಇದರಲ್ಲಿ ರಾಜಿ ಬೇಡ. ಈ ಹಾಲ್ ಎಲ್ಲ ಮನೆಯ ಮಕ್ಕಳಿಗೂ ತೆರೆದಿರಬೇಕು, ತಾಂಡಾದ ಮಗುವಿಗೂ, ಪಕ್ಕದ ಗಲ್ಲಿಯ ಮುಸಲ್ಮಾನರ ಮಗುವಿಗೂ, ಲಿಂಗಾಯತರ ಮಗುವಿಗೂ. ಪಾಠಕ್ಕೆ ಬಂದ ಮಗುವಿನ ಕೈಗೆ ಕರಪತ್ರ ಕೊಡಬಾರದು, ಹಾಡು ಹೇಳಿಸಬಾರದು, ರವಿವಾರ ಬಾ ಎನ್ನಬಾರದು. ಸಂಡೇ ಸ್ಕೂಲ್ ಬೇರೆ, ಅದು ನಮ್ಮ ಮಕ್ಕಳಿಗೆ, ಅದರ ಹೊತ್ತೂ ಬೇರೆ. ಮತಾಂತರ ಕಾಯ್ದೆಯ ಭಯದಿಂದ ಈ ಮಾತು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿರಿ. 2022ರಲ್ಲಿ ಆ ಕಾಯ್ದೆ ಬಂತು, 2023ರಲ್ಲಿ ಅದನ್ನು ತೆಗೆಯುವುದಾಗಿ ಹೊಸ ಸರಕಾರದ ಸಂಪುಟ ಹೇಳಿತು. ಸರಕಾರಗಳು ಬರುತ್ತವೆ, ಹೋಗುತ್ತವೆ. ಉಣಿಸಿದ ಕೈಯೇ ಪ್ರತಿಫಲ ಕೇಳಿದರೆ ಅದು ಸೇವೆಯೇ ಅಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಇದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಸಲ್ಲದು ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಬಡವರಿಗೂ ಮರ್ಯಾದೆ ಇದೆ. ಆ ಅಕ್ಕಿಯ ಹಿಂದೆ ಏನಿದೆ ಎಂಬುದು ಲಕ್ಕಮ್ಮನಿಗೆ ಕ್ಷಣದಲ್ಲಿ ತಿಳಿಯಿತು. ನಮ್ಮ ಶೇಂಗಾದ ಹಿಂದೆ ಏನಿದೆ ಎಂಬುದೂ ಊರಿಗೆ ತಿಳಿಯುತ್ತದೆ.

ಬೇಕಾದರೆ ನಮ್ಮವರೇ ಒಬ್ಬರ ಹೆಸರು ಹೇಳುತ್ತೇನೆ. ಬಾಸೆಲ್ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು, ಶರಣರ ಮೇಲೂ ಬರೆದರು. 1949ರಲ್ಲಿ, ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಈ ನಾಡಿನ ಜನ ಅಧ್ಯಕ್ಷರ ಕುರ್ಚಿಯಲ್ಲಿ ಕೂಡಿಸಿದ್ದು ಆ ಪಾದ್ರಿಯನ್ನು. ನೆರೆಯವರ ಅಂಗಳಕ್ಕೆ ಕಲಿಯುವುದಕ್ಕಾಗಿ ಹೋದವರನ್ನು ನೆರೆಯವರು ಮರೆಯುವುದಿಲ್ಲ.

ಈಗ ಕ್ರಿಸ್ಮಸ್. ದಸರಾ ಆದ ಮೇಲೆ ಇಡೀ ಕುಟುಂಬ ಒಂದೇ ಸೂರಿನಡಿ ಸಿಗುವುದು ಈ ಒಂದು ವಾರ. ಡಿಸೆಂಬರ್ 22, 23ಕ್ಕೆ ಬರುತ್ತಾರೆ. ಹೊಲವಿದ್ದವರು ಎಳ್ಳ ಅಮವಾಸ್ಯೆ ಹತ್ತಿರವಿದ್ದರೆ ಚರಗ ಚೆಲ್ಲಿ, ಭಜ್ಜಿ ಅಂಬಲಿ ಉಂಡು ಹೋಗೋಣ ಎಂದು ನಾಲ್ಕು ದಿನ ಹೆಚ್ಚು ನಿಲ್ಲುತ್ತಾರೆ. ಹೊಸ ವರ್ಷದ ಆರಾಧನೆ ಮುಗಿಸಿ ಮತ್ತೆ ಗಾಡಿ. ಈ ಚಿನ್ನದಂಥ ವಾರವನ್ನು ನಾವು ಏನು ಮಾಡುತ್ತೇವೆ? ಸ್ಟೇಜ್, ಶಾಮಿಯಾನ, ಮಕ್ಕಳ ಡ್ಯಾನ್ಸ್, ಮುಖ್ಯ ಅತಿಥಿ, ಶಾಲು, ಹಾರ. ಮೈಕಿನ ಮುಂದೆ ಕೂತ ಗಂಡ ಹೆಂಡತಿ ತಮ್ಮಲ್ಲೇ ನಾಲ್ಕು ಮಾತಾಡಿರುವುದಿಲ್ಲ. ಮುಖ್ಯ ಅತಿಥಿ ಇಲ್ಲದಿದ್ದರೂ ಕ್ರಿಸ್ಮಸ್ ಆಗುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ, ಕಮಿಟಿಯವರು ಸಿಟ್ಟಾಗಬಾರದು.

ಒಂದು ಸಂಜೆಯ ಕಾರ್ಯಕ್ರಮ ಬಿಡಿರಿ. ಆ ಸಂಜೆ ಹಾಲ್‌ನಲ್ಲಿ ಎರಡು ಮೂರು ಮೇಜು ಹಾಕಿರಿ. ಒಂದರಲ್ಲಿ ಕಾಗದಪತ್ರ ಬಲ್ಲ ಹುಡುಗರು: ಆಧಾರ್ ತಿದ್ದುಪಡಿ, ಆಯಿಯ ಪಿಂಚಣಿ, ಗೃಹಲಕ್ಷ್ಮಿಯ 2000 ರೂಪಾಯಿ ಯಾಕೆ ನಿಂತಿದೆ, ಹತ್ತು ಪಾಸಾದ ಮಗಳಿಗೆ 371(ಜೆ) ಪ್ರಮಾಣಪತ್ರ ಮಾಡಿಸಲು ಏನೇನು ಬೇಕು, ಬಸವಕಲ್ಯಾಣದ ಎ.ಸಿ. ಕಚೇರಿಗೆ ಯಾವಾಗ ಹೋಗಬೇಕು. ಇನ್ನೊಂದರಲ್ಲಿ ಸಂಜೆ ಪಾಠದ ಮಾಸ್ತರರು, ಅಪ್ಪ ಅವ್ವನಿಗೆ ಮಗುವಿನ ನೋಟ್‌ಬುಕ್ ತೋರಿಸಿ ಮಾತಾಡಲಿಕ್ಕೆ. ಶಾಲೆಯ ಪಾಲಕರ ಸಭೆಗೆ ಎಂದೂ ಹೋಗಲಾಗದ ತಂದೆಗೆ ಇದು ಮೊದಲ ಪಾಲಕರ ಸಭೆ.

ಮದುವೆಯ ಮಾತು ನಡೆಯುವುದೂ ಈ ವಾರದಲ್ಲೇ. ಮಗಳನ್ನು ಮುತ್ಯಾನ ಹತ್ತಿರ ಬಿಟ್ಟು ಹೋಗುವ ಅವ್ವನಿಗೆ ಹೆದರಿಕೆ ಇದ್ದೇ ಇರುತ್ತದೆ. ಹದಿನಾರಕ್ಕೇ ಒಂದು ಕಡೆ ಮಾಡಿ ಮುಗಿಸೋಣ ಎನ್ನುತ್ತಾಳೆ. ಪಾಸ್ಟರರೇ, ನೀವು ಬೇಡವೆನ್ನಬೇಕು. ಬಾಲ್ಯವಿವಾಹ ನಡೆಸಿಕೊಟ್ಟವರಿಗೂ 2006ರ ಕಾಯ್ದೆಯಲ್ಲಿ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಬೇಡವೆಂದರಷ್ಟೇ ಸಾಲದು, ಆ ಅವ್ವನ ಹೆದರಿಕೆಗೆ ಉತ್ತರ ಕೊಡಬೇಕು: ಹುಡುಗಿಗೆ ಹಾಸ್ಟೆಲ್ ಸೀಟು ಹುಡುಕಿರಿ, ಇಲ್ಲ ಸಭೆಯ ಒಬ್ಬ ಅಕ್ಕ ಆ ಮನೆಯ ಮೇಲೆ ಕಣ್ಣಿಡುತ್ತೇನೆ ಎಂದು ಮುಂದೆ ಬರಲಿ. ಮತ್ತೊಂದು ಮಾತು. 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆ ಮಾಡಿಸುವ ಅಧಿಕಾರ ಎಲ್ಲ ಬೋಧಕರಿಗೂ ಇಲ್ಲ. ಲೈಸೆನ್ಸ್ ಇಲ್ಲದವರು ಮನೆ ಅಂಗಳದಲ್ಲಿ ಉಂಗುರ ಬದಲಾಯಿಸಿ ಕಳಿಸಿದರೆ ಮುಂದೆ ಸರ್ಟಿಫಿಕೇಟಿಗಾಗಿ ಅಲೆಯುವವಳು ಹೆಣ್ಣುಮಗಳು.

ಹೆಣ್ಣು ಗಂಡು ಹುಡುಕುವಾಗ ಸಭೆಯೊಳಗೂ ಮೊದಲ ಪ್ರಶ್ನೆ ಯಾವುದು? ಯಾವ ಕೇರಿಯವರು ಎಂಬುದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದ ಊರಿನಲ್ಲಿ ಕೂತು, ಒಂದೇ ರೊಟ್ಟಿ ಮುರಿದು ತಿನ್ನುವ ನಾವು ಇದನ್ನು ಕೇಳುತ್ತೇವೆ. ಇದಕ್ಕೆ ನನ್ನ ಹತ್ತಿರ ಯೋಜನೆ ಏನಿಲ್ಲ. ಪಾಸ್ಟರರ ಮನೆಯಿಂದಲೇ ಶುರುವಾಗಲಿ ಎನ್ನಬಹುದು, ಅಷ್ಟೇ.

ಕುಡಿತದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ವಾರದಲ್ಲೇ ಅದು ಹೊರಗೆ ಬೀಳುತ್ತದೆ. ದುಡಿದು ತಂದದ್ದರಲ್ಲಿ ಅರ್ಧ ಅಂಗಡಿಗೆ, ರಾತ್ರಿ ಮನೆಯಲ್ಲಿ ಹೊಡೆತ. ಮುಂಜಾನೆ ಹೆಣ್ಣುಮಗಳು ಪಾಸ್ಟರರ ಹತ್ತಿರ ಬಂದರೆ ಸಿಗುವ ಉತ್ತರ ನಮಗೆಲ್ಲ ಬಾಯಿಪಾಠ: ಕ್ಷಮಿಸಮ್ಮಾ, ಪ್ರಾರ್ಥನೆ ಮಾಡು, ಕರ್ತನು ನೋಡಿಕೊಳ್ಳುತ್ತಾನೆ. ಈ ಮಾತು ಇನ್ನು ನಿಲ್ಲಬೇಕು. ಹೊಡೆತ ತಿಂದವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ. 181 ಮಹಿಳಾ ಸಹಾಯವಾಣಿ, 112 ಪೊಲೀಸ್, ಬೀದರಿನ ಸಖಿ ಕೇಂದ್ರ, ಮಕ್ಕಳ ವಿಷಯವಾದರೆ 1098; ಈ ನಂಬರುಗಳು ಹೆಣ್ಣುಮಕ್ಕಳು ಕೂಡುವ ಕಡೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಲಿ. ಪ್ರಾರ್ಥನೆ ಅವಳ ಜೊತೆಗಿರಲಿ, ಅವಳನ್ನು ವಾಪಸು ಕಳಿಸುವ ಸಾಧನ ಆಗದಿರಲಿ. ಕುಡಿಯುವವನಿಗೂ ಒಂದು ದಾರಿ ಬೇಕು. ಅವನನ್ನು ಪುಲ್ಪಿಟ್ಟಿನಿಂದ ಬೈದದ್ದು ಸಾಕಾಗಿದೆ. ಕುಡಿತ ಬಿಟ್ಟವರೇ ಕೂಡಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಜಗತ್ತಿನ ಎಷ್ಟೋ ಕಡೆ ಚರ್ಚಿನ ಹಿಂದಿನ ಕೋಣೆಯಲ್ಲೇ ನಡೆಯುತ್ತವೆ. ಫೀಸಿಲ್ಲ, ಹೆಸರು ಹೊರಗೆ ಬರುವುದಿಲ್ಲ. ವಾರಕ್ಕೊಂದು ಸಂಜೆ ಕೋಣೆ ಕೊಟ್ಟರೆ ನಮ್ಮದೇನು ಕಳೆಯುತ್ತದೆ? ಮನಸ್ಸು ಕೆಟ್ಟು ಕೂತವರಿಗೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮುತ್ಯಾ, ಆಯಿಗೆ ಹೆಚ್ಚೇನೂ ಬೇಡ. ಔಷಧ ತಂದುಕೊಡುವ ಒಂದು ಕೈ, ತಿಂಗಳಿಗೊಮ್ಮೆ ಬಿ.ಪಿ., ಸಕ್ಕರೆ ನೋಡುವ ಒಬ್ಬ ನರ್ಸ್. ನಮ್ಮ ಸಭೆಗಳಲ್ಲಿ ನರ್ಸ್‌ಗಳಿಗೆ ಬರವಿಲ್ಲ.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಇದೆಲ್ಲವನ್ನೂ ಒಟ್ಟಿಗೆ ಎತ್ತಿದರೆ ಯಾವುದೂ ಆಗುವುದಿಲ್ಲ ಎಂಬುದು ಮೀಟಿಂಗುಗಳಲ್ಲಿ ಕೂತ ಎಲ್ಲರಿಗೂ ಗೊತ್ತು. ಬಸವಕಲ್ಯಾಣದವರು ಸಂಜೆ ಹಾಲ್ ತೆರೆಯಲಿ, ಹುಮನಾಬಾದಿನವರು ನೋಟ್‌ಬುಕ್ ಶುರುಮಾಡಲಿ. ಒಂದು ವರ್ಷ ನೋಡಿ ಒಬ್ಬರದನ್ನು ಒಬ್ಬರು ತೆಗೆದುಕೊಳ್ಳಿರಿ. ಕ್ಯಾಥೊಲಿಕ್ ಸಭೆಯ ಆರ್ಬಿಟ್ ಸಂಸ್ಥೆ ನಮ್ಮ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಕೆಲಸ ಮಾಡಿದೆ. ಅವರನ್ನು ಕರೆದು ಕೇಳಿರಿ; ಬೇರೆ ಪಂಗಡ ಎಂಬ ಬಿಗುಮಾನ ಈ ಕೆಲಸದಲ್ಲಿ ಬೇಡ.

ಸಭೆಗೆ ಸೇರದ ಓದುಗರಲ್ಲೂ ಒಂದು ಬೇಡಿಕೆ. ನೀವು ಗಣಿತ ಮಾಸ್ತರರಾಗಿದ್ದರೆ, ಕಂಪ್ಯೂಟರ್ ಸೆಂಟರ್ ನಡೆಸುವವರಾಗಿದ್ದರೆ, ವಾರಕ್ಕೊಂದು ಸಂಜೆ ಬಂದು ಕಲಿಸಿರಿ. ಸಂಜೆ ಪಾಠದ ಕಮಿಟಿಯಲ್ಲಿ ಸಭೆಯವರಲ್ಲದ ಇಬ್ಬರು ಇರಲೇಬೇಕು, ಅದರಲ್ಲಿ ಒಬ್ಬರು ನೀವಾಗಿರಿ. ಬಾಗಿಲು ತೆರೆದೇ ಇರುತ್ತದೆ, ಯಾವಾಗ ಬೇಕಾದರೂ ಒಳಗೆ ಬಂದು ಕೂತು ನೋಡಿರಿ. ಮಕ್ಕಳಿಗೆ ಪಾಠ ಬಿಟ್ಟು ಬೇರೆ ಏನಾದರೂ ಹೇಳುತ್ತಿರುವುದು ಕಂಡರೆ ಅವತ್ತೇ ಎದ್ದು ನಿಂತು ಕೇಳಿರಿ. ಉತ್ತರ ಕೊಡುವ ಹೊಣೆ ನಮ್ಮದು.